ಬರಿಗಾಲು, ಬೂಟು ಮತ್ತು ಚೆಂಡು: ಹಲಸೂರಿನ ಫುಟ್‌ಬಾಲ್ ಕಲಿಸುವ ಭೌತವಿಜ್ಞಾನ

ಬೆಂಗಳೂರಿನ ಹಲಸೂರು ಕೆರೆಯ ಸಮೀಪದಲ್ಲೇ ಗೌತಮಪುರ ಎಂಬ ಬಡಾವಣೆಯಿದೆ. ಕಿರಿದಾದ ರಸ್ತೆಗಳು, ಒತ್ತೊತ್ತಾಗಿ ನಿಂತ ಮನೆಗಳು. ಅಲ್ಲಿ ಬುದ್ಧ, ಅಂಬೇಡ್ಕರ್ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಇನ್ನೊಬ್ಬರ ಪ್ರತಿಮೆಯೂ ಇದೆ. ಅದು ಬ್ರೆಜಿಲ್ ದೇಶದ ಫುಟ್‌ಬಾಲ್ ಆಟಗಾರ ಪೆಲೆ ಅವರದು. ಈ ಬಡಾವಣೆಗೆ ಜನ ಇಟ್ಟಿರುವ ಅಡ್ಡಹೆಸರು 'ಮಿನಿ ಬ್ರೆಜಿಲ್'. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್ ಮುಂತಾದ ದಂಡು ಪ್ರದೇಶದ ಕೇರಿಗಳಿಂದ ಹೊರಟ ಹುಡುಗರು ರಾಜ್ಯ ತಂಡಕ್ಕೆ, ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳಿಗೆ, ಒಲಿಂಪಿಕ್ಸಿಗೆ ಹೋಗಿ ಆಡಿದ್ದಾರೆ. ಅವರಲ್ಲಿ ಅನೇಕರು ಆಟ ಕಲಿತದ್ದು ಬರಿಗಾಲಿನಲ್ಲಿ.

ಬರಿಗಾಲಿನಲ್ಲಿ ಫುಟ್‌ಬಾಲ್ ಆಡುವುದು ಬಡತನದ ಗುರುತೇ, ಅಥವಾ ಅದರಲ್ಲಿ ಏನಾದರೂ ಲಾಭವೂ ಇತ್ತೆ? ಸ್ವದೇಶದಲ್ಲಿ ಗೆಲ್ಲುತ್ತಿದ್ದ ಬರಿಗಾಲು ಪರದೇಶದಲ್ಲಿ ಏಕೆ ಸೋತಿತು? ಈ ಪ್ರಶ್ನೆಗಳಿಗೆ ಇತಿಹಾಸದಲ್ಲಿ ಅರ್ಧ ಉತ್ತರವಿದೆ. ಉಳಿದರ್ಧ ನಿಮ್ಮ ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿದೆ. ಸಂವೇಗ, ಆವೇಗ, ಘರ್ಷಣೆ, ವಾಯುಒತ್ತಡ, ಈ ನಾಲ್ಕು ಪರಿಕಲ್ಪನೆಗಳು ಗೊತ್ತಿದ್ದರೆ ಸಾಕು. ಬನ್ನಿ, ಎರಡನ್ನೂ ಜೊತೆಯಾಗಿಯೇ ನೋಡೋಣ.

ದಂಡಿನಿಂದ ಕೇರಿಗೆ

ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿದ್ದು 1809ರಲ್ಲಿ. ಇಂದಿಗೂ ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಸೇನಾ ಎಂಜಿನಿಯರುಗಳ ಕೇಂದ್ರವಿದೆ. ಬ್ರಿಟಿಷ್ ಸೈನಿಕರು ಬಿಡುವಿನಲ್ಲಿ ಆಡುತ್ತಿದ್ದ ಫುಟ್‌ಬಾಲನ್ನು ಸುತ್ತಲಿನ ಕೇರಿಗಳ ಹುಡುಗರು ನೋಡಿ ಕಲಿತರು. ಸೈನಿಕರ ಕಾಲಿಗೆ ಬೂಟು, ಹುಡುಗರದು ಬರಿಗಾಲು.

ಈ ಬರಿಗಾಲಿನ ಆಟ ಬೇಗನೆ ಬಲಿತಿತು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದ ಪಂದ್ಯಾವಳಿ. ದಶಕಗಳ ಕಾಲ ಅದನ್ನು ಬ್ರಿಟಿಷ್ ಪಲ್ಟಣಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ 'ಬೆಂಗಳೂರು ಮುಸ್ಲಿಮ್ಸ್'. ಮರುವರ್ಷವೂ ಅದೇ ತಂಡ ಗೆದ್ದಿತು. 1946ರಲ್ಲಿ ಮೈಸೂರು ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಗೆದ್ದಿತು.

ಎರಡು ವರ್ಷಗಳ ನಂತರ, 1948ರ ಜುಲೈ 31ರಂದು, ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ, 70ನೆಯ ನಿಮಿಷದಲ್ಲಿ ಸಮ ಮಾಡಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಕೊನೆಯ ಗಳಿಗೆಯ ಗೋಲಿನಿಂದ 1-2ರಲ್ಲಿ ಸೋತಿತು.

ನಾಲ್ಕು ವರ್ಷಗಳ ನಂತರ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕತೆ ಬೇರೆಯಾಯಿತು. ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಭಾರತದ ಏಕೈಕ ಗೋಲು ಬಂದದ್ದೂ ಬೆಂಗಳೂರಿನವರಿಂದಲೇ, ಅವರು ಅಹ್ಮದ್ ಖಾನ್. ಈ ಸೋಲಿನ ನಂತರ ನಮ್ಮಲ್ಲಿ ಬೂಟು ಕಡ್ಡಾಯವಾಯಿತು.

ನಾಲ್ಕೇ ವರ್ಷಗಳಲ್ಲಿ 1-2 ಎಂಬುದು 1-10 ಆದದ್ದು ಹೇಗೆ? ಎದುರಾಳಿ ಬಲಿಷ್ಠನಾಗಿದ್ದ ಎಂಬುದು ನಿಜ, ಆ ಕೂಟದಲ್ಲಿ ಯುಗೊಸ್ಲಾವಿಯ ಬೆಳ್ಳಿ ಪದಕ ಪಡೆಯಿತು. ಆದರೆ ಕಾಲು, ಚೆಂಡು ಮತ್ತು ನೆಲದ ಪಾತ್ರವೂ ಇದರಲ್ಲಿದೆ. ಒಂದೊಂದನ್ನೇ ಪರೀಕ್ಷಿಸೋಣ.

ಒಂದು ಒದೆತದಲ್ಲಿ ಎಷ್ಟು ಬಲ?

ಫುಟ್‌ಬಾಲಿನ ರಾಶಿ ನಿಯಮದ ಪ್ರಕಾರ 410ರಿಂದ 450 ಗ್ರಾಂ. ನಾವು 430 ಗ್ರಾಂ, ಅಂದರೆ 0.43 ಕಿ.ಗ್ರಾಂ ಎಂದಿಟ್ಟುಕೊಳ್ಳೋಣ. ಒಳ್ಳೆಯ ಆಟಗಾರ ಒದ್ದ ಚೆಂಡು ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಗಂಟೆಗೆ 90 ಕಿಲೋಮೀಟರಿಗೆ ಸಮ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ:

0.43 × 25 = 10.75 ಕಿ.ಗ್ರಾಂ. ಮೀ/ಸೆ

ನಿಶ್ಚಲವಾಗಿದ್ದ ಚೆಂಡಿಗೆ ಇಷ್ಟು ಸಂವೇಗವನ್ನು ಪಾದವು ಕೊಟ್ಟಿತು. ಎಷ್ಟು ಹೊತ್ತಿನಲ್ಲಿ? ಅತಿವೇಗದ ಕ್ಯಾಮೆರಾದಿಂದ ನೋಡಿದರೆ ಪಾದ ಮತ್ತು ಚೆಂಡು ಒಂದನ್ನೊಂದು ಮುಟ್ಟಿರುವುದು ಸುಮಾರು ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ. ಸಂವೇಗದ ಬದಲಾವಣೆಯನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ ಸಿಗುತ್ತದೆ ಎಂಬುದು ನ್ಯೂಟನ್ನನ ಎರಡನೆಯ ನಿಯಮ:

10.75 ÷ 0.01 = 1075 ನ್ಯೂಟನ್

ಇದು ಸುಮಾರು 110 ಕಿ.ಗ್ರಾಂ ರಾಶಿಯ ತೂಕಕ್ಕೆ ಸಮ. ಮೂರನೆಯ ನಿಯಮದ ಪ್ರಕಾರ ಚೆಂಡು ಕೂಡ ಪಾದದ ಮೇಲೆ ಇಷ್ಟೇ ಬಲವನ್ನು ಹಾಕುತ್ತದೆ. ಒಂದು ಕ್ವಿಂಟಲಿಗಿಂತ ಹೆಚ್ಚಿನ ಭಾರ ಕ್ಷಣಮಾತ್ರ ಪಾದದ ಮೇಲೆ ಬಿದ್ದಂತೆ! ಬರಿಗಾಲು ಇದನ್ನು ತಡೆಯುವುದು ಹೇಗೆ? ಚೆಂಡು ಗಾಳಿ ತುಂಬಿದ ವಸ್ತು. ಒದ್ದಾಗ ಅದು ಒಳಕ್ಕೆ ತಗ್ಗಿ ಪಾದದ ಮೇಲ್ಭಾಗದ ಅಗಲವಾದ ಜಾಗಕ್ಕೆ ಅಂಟಿಕೊಳ್ಳುತ್ತದೆ. ಬಲ ಹಂಚಿಹೋಗುವುದರಿಂದ ಒತ್ತಡ ಕಡಮೆಯಾಗುತ್ತದೆ. ಅದೇ ಬಲ ಬೆರಳ ತುದಿಯಂಥ ಕಿರಿದಾದ ಜಾಗದ ಮೇಲೆ ಬಿದ್ದರೆ ಮೂಳೆ ಮುರಿಯಬಹುದು. ಬರಿಗಾಲಿನ ಆಟಗಾರರು ಬೆರಳುಗಳನ್ನು ಕೆಳಕ್ಕೆ ಚಾಚಿ ಪಾದದ ಬೆನ್ನಿನಿಂದಲೇ ಒದೆಯುವುದನ್ನು ಕಲಿತದ್ದು ಇದಕ್ಕಾಗಿ.

ಬರಿಗಾಲಿನ ಲಾಭ

ಬೂಟು ಹಾಕಿದರೆ ಚೆಂಡು ಜೋರಾಗಿ ಹೋಗುತ್ತದೆ ಎಂದು ನೀವು ಊಹಿಸಿರಬಹುದು. ಆದರೆ ಪ್ರಯೋಗಾಲಯದ ಅಳತೆಗಳಲ್ಲಿ ಕಂಡದ್ದು ಬೇರೆ. ನೋವನ್ನು ಸಹಿಸಬಲ್ಲ ಆಟಗಾರರು ಬರಿಗಾಲಿನಲ್ಲೂ ಬೂಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚೇ ವೇಗವನ್ನು ಚೆಂಡಿಗೆ ಕೊಡಬಲ್ಲರು.

ಇದಕ್ಕೆ ಎರಡು ಕಾರಣಗಳನ್ನು ಕೊಡಬಹುದು. ಮೊದಲನೆಯದು, ಬರಿಗಾಲನ್ನು ಕಣಕಾಲಿನ ಬಳಿ ಪೂರ್ತಿ ಕೆಳಕ್ಕೆ ಚಾಚಬಹುದು. ಆಗ ಕಾಲೂ ಪಾದವೂ ಸೇರಿ ಒಂದೇ ಗಟ್ಟಿ ಸನ್ನೆಯಂತಾಗುತ್ತವೆ. ಬೂಟು, ಅದರಲ್ಲೂ ಕಣಕಾಲನ್ನು ಮುಚ್ಚುತ್ತಿದ್ದ ಹಳೆಯ ಕಾಲದ ಬೂಟು, ಇದಕ್ಕೆ ಅಡ್ಡಿ. ಎರಡನೆಯದು, ಬೂಟಿನ ರಾಶಿ. ಕಾಲನ್ನು ಬೀಸುವಾಗ ರಾಶಿ ತುದಿಯಲ್ಲಿದ್ದಷ್ಟೂ ಬೀಸುವುದು ಕಷ್ಟ. ಹಗ್ಗದ ತುದಿಗೆ ಕಲ್ಲು ಕಟ್ಟಿ ತಿರುಗಿಸಿ ನೋಡಿ, ಕಲ್ಲು ದೊಡ್ಡದಾದರೆ ತಿರುಗಿಸುವ ವೇಗ ಇಳಿಯುತ್ತದೆ. ಭಾರದ ಬೂಟಿನಿಂದ ಡಿಕ್ಕಿಯ ಹೊತ್ತಿನಲ್ಲಿ ಸಿಗುವ ಲಾಭವನ್ನು ಬೀಸುವಿಕೆಯಲ್ಲಿ ಆಗುವ ನಷ್ಟ ಹೆಚ್ಚು ಕಡಮೆ ತಿಂದುಹಾಕುತ್ತದೆ.

ಇನ್ನೂ ದೊಡ್ಡ ಲಾಭ ಸ್ಪರ್ಶದ್ದು. ನಮ್ಮ ಪಾದದ ಚರ್ಮದಲ್ಲಿ ಒತ್ತಡ, ಕಂಪನ, ಜಾರುವಿಕೆಗಳನ್ನು ಗ್ರಹಿಸುವ ಸೂಕ್ಷ್ಮ ಗ್ರಾಹಕಗಳಿವೆ. ಚೆಂಡು ಪಾದದ ಯಾವ ಜಾಗಕ್ಕೆ ತಾಗಿತು, ಎತ್ತ ಉರುಳುತ್ತಿದೆ ಎಂಬ ಸುದ್ದಿ ಕಣ್ಣಿನ ಹಂಗಿಲ್ಲದೆ ಮಿದುಳಿಗೆ ತಲುಪುತ್ತದೆ. ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಯನ್ನು ತಪ್ಪಿಸಿ ಸಾಗುವ ಆಟಕ್ಕೆ ಇದು ವರದಾನ. ಅಹ್ಮದ್ ಖಾನ್ ಹೆಸರಾದದ್ದು ಇಂಥ ಆಟಕ್ಕೇ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ 'ಪಂಚ ಪಾಂಡವರು' ಎಂದು ಜನ ಕರೆಯುತ್ತಿದ್ದ ಐವರು ಮುನ್ನಡೆ ಆಟಗಾರರಲ್ಲಿ ಅವರೂ ಒಬ್ಬರು.

ಕೆಮ್ಮಣ್ಣಿನ ಬಯಲು, ಒದ್ದೆ ಹುಲ್ಲು

ಹಾಗಾದರೆ ಬರಿಗಾಲಿನ ಕೊರತೆ ಎಲ್ಲಿ? ಚೆಂಡಿನ ಕಡೆ ನೋಡುವುದನ್ನು ಬಿಟ್ಟು ನೆಲದ ಕಡೆ ನೋಡಿದರೆ ಉತ್ತರ ಸಿಗುತ್ತದೆ.

ಓಡುತ್ತಿರುವ ಆಟಗಾರ ತಿರುಗಬೇಕಾದರೆ ಕೇಂದ್ರಾಭಿಮುಖ ಬಲ ಬೇಕು. ಅದನ್ನು ಒದಗಿಸುವುದು ನೆಲ ಮತ್ತು ಪಾದದ ನಡುವಣ ಘರ್ಷಣೆ. ಘರ್ಷಣಾಂಕವು ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆಗಿಂತ ಕಡಮೆಯಿದ್ದರೆ ಆಟಗಾರ ಜಾರುತ್ತಾನೆ. ಆಟಗಾರನ ರಾಶಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ದಪ್ಪಗಿರಲಿ ತೆಳ್ಳಗಿರಲಿ, ಜಾರುವ ನಿಯಮ ಒಂದೇ.

ಈಗ ಅಂಕಿಗಳನ್ನು ಹಾಕೋಣ. ವೇಗ ಸೆಕೆಂಡಿಗೆ 5 ಮೀಟರ್ ಇರಲಿ. ಒಣಗಿದ ಗಟ್ಟಿ ನೆಲದ ಮೇಲೆ ಬರಿಪಾದಕ್ಕೆ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ, ತಿರುವಿನ ಕನಿಷ್ಠ ತ್ರಿಜ್ಯ:

25 ÷ (0.8 × 9.8) = 3.2 ಮೀಟರ್

ಒದ್ದೆ ಹುಲ್ಲಿನ ಮೇಲೆ ಘರ್ಷಣಾಂಕ 0.3ಕ್ಕೆ ಇಳಿಯಿತು ಎನ್ನಿ:

25 ÷ (0.3 × 9.8) = 8.5 ಮೀಟರ್

ಮೂರು ಮೀಟರಿನಲ್ಲಿ ಗಕ್ಕನೆ ತಿರುಗುತ್ತಿದ್ದವನಿಗೆ ಈಗ ಎಂಟೂವರೆ ಮೀಟರಿನ ಸುತ್ತು ಬೇಕು. ಅಷ್ಟರಲ್ಲಿ ಚೆಂಡು ಎದುರಾಳಿಯ ಪಾಲು. ಬೆಂಗಳೂರಿನ ಬಹುಪಾಲು ಬಯಲುಗಳದು ಒಣಗಿ ಗಟ್ಟಿಯಾದ ಕೆಂಪು ಜಲ್ಲಿಮಣ್ಣು. ಅಲ್ಲಿ ಬರಿಪಾದ ಚೆನ್ನಾಗಿ ಹಿಡಿಯುತ್ತದೆ. ಯೂರೋಪಿನ ಮೆತ್ತನೆಯ ತೇವದ ಹುಲ್ಲಿನಲ್ಲಿ ಅದೇ ಪಾದ ಜಾರುತ್ತದೆ. ಹುಡುಗನ ಕೌಶಲ ಬದಲಾಗಲಿಲ್ಲ, ಘರ್ಷಣಾಂಕ ಬದಲಾಯಿತು.

ಬೂಟಿನ ಅಡಿಯ ಗುಬುಟುಗಳು ಮಾಡುವ ಕೆಲಸವೇನು? ಅವು ಘರ್ಷಣೆಯನ್ನು ಹೆಚ್ಚಿಸುತ್ತವೆ ಎನ್ನುವುದು ಪೂರ್ತಿ ಸರಿಯಲ್ಲ. ಅವು ಮಣ್ಣಿನೊಳಕ್ಕೆ ಇಳಿಯುತ್ತವೆ. ಪಾದ ಪಕ್ಕಕ್ಕೆ ಸರಿಯಬೇಕಾದರೆ ಆಗ ಮಣ್ಣನ್ನೇ ಕತ್ತರಿಸಿಕೊಂಡು ಸರಿಯಬೇಕು. ಮೇಲ್ಮೈ ಎಷ್ಟೇ ನುಣುಪಾಗಿದ್ದರೂ ಮಣ್ಣಿನ ಒಳಬಲ ಕಾಲನ್ನು ಹಿಡಿಯುತ್ತದೆ. ಇದರ ಪ್ರಸಿದ್ಧ ಉದಾಹರಣೆ 1954ರ ಜುಲೈ 4ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನಡೆದ ವಿಶ್ವಕಪ್ ಫೈನಲ್. ಅಂದು ಮಳೆ. ಪಶ್ಚಿಮ ಜರ್ಮನಿಯ ಬೂಟುಗಳಿಗೆ ಆಡಿ ಡಾಸ್ಲರ್ ತಿರುಪಿನಿಂದ ಕೂಡಿಸುವ ಗುಬುಟುಗಳನ್ನು ಒದಗಿಸಿದ್ದರು. ಕೆಸರಿಗೆ ತಕ್ಕಂತೆ ಉದ್ದದವನ್ನು ಹಾಕಿಕೊಳ್ಳಬಹುದಾಗಿತ್ತು. ಅಜೇಯವೆಂದು ಹೆಸರಾಗಿದ್ದ ಹಂಗರಿಯನ್ನು ಜರ್ಮನಿ 3-2ರಿಂದ ಸೋಲಿಸಿತು. ಗೆಲುವಿಗೆ ಬೂಟೊಂದೇ ಕಾರಣವಲ್ಲ. ಆದರೆ ನೆಲಕ್ಕೆ ತಕ್ಕ ಹಿಡಿತ ಬೇಕೆಂಬುದು ಅಂದು ಜಗತ್ತಿಗೆ ಮನದಟ್ಟಾಯಿತು.

ನೀರು ಕುಡಿದ ಚೆಂಡು

ಆ ಕಾಲದ ಚೆಂಡು ಇಂದಿನಂತಿರಲಿಲ್ಲ. ಒಳಗೆ ರಬ್ಬರಿನ ಬ್ಲಾಡರ್, ಹೊರಗೆ ಹೊಲಿದ ಚರ್ಮದ ಪಟ್ಟಿಗಳು, ಬಾಯಿ ಕಟ್ಟಲು ಚರ್ಮದ ದಾರ. ಚರ್ಮ ನೀರನ್ನು ಹೀರುತ್ತದೆ. ಆಟದ ಆರಂಭದಲ್ಲಿ ನಿಯಮಕ್ಕೆ ಸರಿಯಾಗಿದ್ದ ಚೆಂಡು ಒದ್ದೆ ಮೈದಾನದಲ್ಲಿ ಉರುಳುತ್ತ ಉರುಳುತ್ತ ಭಾರವಾಗುತ್ತಿತ್ತು. ಇದರ ಪರಿಣಾಮವೇನು?

ಪಾದದಂಥ ಭಾರದ ವಸ್ತು ನಿಶ್ಚಲ ಚೆಂಡಿಗೆ ಡಿಕ್ಕಿ ಹೊಡೆದಾಗ ಚೆಂಡಿನ ವೇಗ ಮೂರು ಸಂಗತಿಗಳನ್ನು ಅವಲಂಬಿಸುತ್ತದೆ: ಪಾದದ ವೇಗ, ಎರಡರ ರಾಶಿಗಳು ಮತ್ತು ಪುಟಿತದ ಗುಣಾಂಕ. ಪಾದ ಮತ್ತು ಕೆಳಗಾಲಿನ ಪರಿಣಾಮಕಾರಿ ರಾಶಿ 1.5 ಕಿ.ಗ್ರಾಂ, ಪುಟಿತದ ಗುಣಾಂಕ 0.55, ಪಾದದ ವೇಗ 20 ಮೀ/ಸೆ ಎಂದು ಇಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಆರಿಸಿದ ಅಂಕಿಗಳು. ಸಂವೇಗ ಸಂರಕ್ಷಣೆಯ ನಿಯಮದಿಂದ:

ಒಣ ಚೆಂಡು (0.43 ಕಿ.ಗ್ರಾಂ): 20 × 1.55 × 1.5 ÷ 1.93 = 24.1 ಮೀ/ಸೆ

ಒದ್ದೆ ಚೆಂಡು (0.55 ಕಿ.ಗ್ರಾಂ): 20 × 1.55 × 1.5 ÷ 2.05 = 22.7 ಮೀ/ಸೆ

ವೇಗ ಶೇಕಡ 6ರಷ್ಟು ಇಳಿಯಿತು. ಇದೇನು ಮಹಾ ಎನಿಸಬಹುದು. ಆದರೆ ಸಂವೇಗವನ್ನು ನೋಡಿ. ಒಣ ಚೆಂಡಿನದು 10.4, ಒದ್ದೆ ಚೆಂಡಿನದು 12.5. ಅಂದರೆ ಪಾದದ ಮೇಲೆ ಬೀಳುವ ಹೊಡೆತ ಶೇಕಡ 20ರಷ್ಟು ಹೆಚ್ಚು! ಒದ್ದೆ ಚೆಂಡು ನಿಧಾನವಾಗಿ ಹೋಗುತ್ತದೆ, ಆದರೆ ಹೆಚ್ಚು ನೋಯಿಸುತ್ತದೆ. ಬರಿಗಾಲಿನವನಿಗೆ ಇಮ್ಮಡಿ ನಷ್ಟ. ಇಂದಿನ ಕೃತಕ ಹೊದಿಕೆಯ ಚೆಂಡುಗಳು ಹೀಗೆ ನೀರು ಕುಡಿಯುವುದಿಲ್ಲ. ಉನ್ನತ ದರ್ಜೆಯ ಚೆಂಡು ನೀರಿನ ಪರೀಕ್ಷೆಯಲ್ಲಿ ಸರಾಸರಿ ಶೇಕಡ 10ಕ್ಕಿಂತ ಹೆಚ್ಚು ಭಾರವಾಗಬಾರದೆಂಬ ನಿಯಮವಿದೆ.

ಚಳಿ ಮತ್ತು ಸ್ಪರ್ಶ

ಬರಿಗಾಲಿನ ದೊಡ್ಡ ಲಾಭ ಸ್ಪರ್ಶ ಎಂದೆವು. ಆ ಲಾಭಕ್ಕೆ ಒಂದು ಷರತ್ತಿದೆ, ಪಾದ ಬೆಚ್ಚಗಿರಬೇಕು. ಚರ್ಮ ತಣ್ಣಗಾದಂತೆ ಅದರ ರಕ್ತನಾಳಗಳು ಸಂಕುಚಿಸುತ್ತವೆ, ಗ್ರಾಹಕಗಳು ಮಂಕಾಗುತ್ತವೆ, ನರಗಳಲ್ಲಿ ಸಂದೇಶ ಸಾಗುವ ಜವವೂ ಇಳಿಯುತ್ತದೆ. ಚಳಿಗಾಲದ ಮುಂಜಾನೆ ತಣ್ಣೀರಿನಲ್ಲಿ ಕೈಯಿಟ್ಟು ಆಮೇಲೆ ಅಂಗಿಯ ಗುಂಡಿ ಹಾಕಲು ಪ್ರಯತ್ನಿಸಿ, ಬೆರಳುಗಳು ನಿಮ್ಮವಲ್ಲವೇನೋ ಎನಿಸುತ್ತದೆ. ಹೆಲ್ಸಿಂಕಿಯ ತಂಪಿನಲ್ಲಿ, ಬೆಂಗಳೂರು ಕಲ್ಕತ್ತೆಗಳ ಬಿಸಿಲಿಗೆ ಒಗ್ಗಿದ ಪಾದಗಳಿಗೆ ಆದದ್ದು ಇದೇ. ಬರಿಗಾಲಿನ ಕೊರತೆಗಳು ಹಾಗೇ ಉಳಿದವು, ಅದರ ಲಾಭ ಮಾತ್ರ ಕೈಬಿಟ್ಟಿತು.

ಇಲ್ಲೊಂದು ಪ್ರಚಲಿತ ಕತೆಯನ್ನೂ ಪರಿಶೀಲಿಸಬೇಕು. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಹೋಗಲಿಲ್ಲ ಎಂದು ನೀವು ಕೇಳಿರಬಹುದು. ಭಾರತಕ್ಕೆ ಅವಕಾಶ ದೊರೆತಿದ್ದು ನಿಜ. ಆದರೆ ಅಂದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಕೊಟ್ಟ ಕಾರಣಗಳು ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಾಲದ ಸಮಯ. ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದೆಂಬ ಭಾವನೆಯೂ ಆಗ ಇತ್ತು. ಬರಿಗಾಲಿನ ಕತೆ ಆಮೇಲೆ ಬೆಳೆದದ್ದು. ಕೇಳಿದ ಕತೆ ರುಚಿಕರವಾಗಿದ್ದ ಮಾತ್ರಕ್ಕೆ ನಿಜವಾಗಬೇಕಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಲು ಇದು ಒಳ್ಳೆಯ ಉದಾಹರಣೆ.

ಗಾಳಿಯಲ್ಲಿ ತಿರುಗುವ ಚೆಂಡು

ಚೆಂಡಿನ ಮಧ್ಯಕ್ಕೆ ಒದೆಯದೆ ತುಸು ಪಕ್ಕಕ್ಕೆ ಒದ್ದರೆ ಅದು ಗಿರಗಿರನೆ ತಿರುಗುತ್ತ ಸಾಗಿ ಬಾಗಿದ ಹಾದಿ ಹಿಡಿಯುತ್ತದೆ. 1997ರಲ್ಲಿ ಫ್ರಾನ್ಸ್ ವಿರುದ್ಧ ಬ್ರೆಜಿಲ್ಲಿನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್ ದೂರದಿಂದ ಹೊಡೆದ ಗೋಲು ಇದಕ್ಕೆ ಹೆಸರಾದ ನಿದರ್ಶನ. ಗೋಲಿನಿಂದ ದೂರ ಹೋಗುತ್ತಿದೆ ಎನಿಸಿದ ಚೆಂಡು ಕೊನೆಯಲ್ಲಿ ಬಾಗಿ ಒಳಹೊಕ್ಕಿತು.

ಇದಕ್ಕೆ ಕಾರಣವಾದ ಪರಿಣಾಮಕ್ಕೆ ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ ಅವರ ಹೆಸರಿದೆ. ತಿರುಗುವ ಚೆಂಡು ತನ್ನ ಮೈಗೆ ತಾಗಿದ ತೆಳುಪದರದ ಗಾಳಿಯನ್ನು ಜೊತೆಗೆ ಸೆಳೆಯುತ್ತದೆ. ಇದರಿಂದ ಚೆಂಡಿನ ಹಿಂದೆ ಹೊರಡುವ ಗಾಳಿ ಒಂದು ಪಕ್ಕಕ್ಕೆ ಬಾಗುತ್ತದೆ. ಚೆಂಡು ಗಾಳಿಯನ್ನು ಎಡಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಬಲಕ್ಕೆ ತಳ್ಳುತ್ತದೆ. ಮತ್ತೆ ನ್ಯೂಟನ್ನನ ಮೂರನೆಯ ನಿಯಮವೇ! ಅಮೆರಿಕದ ಬೇಸ್‌ಬಾಲಿನಲ್ಲಿ ಎಸೆತಗಾರರು ಚೆಂಡನ್ನು ತಿರುಚಿ ಎಸೆದು ಬಾಗಿಸುವುದೂ, ನಮ್ಮ ಕ್ರಿಕೆಟ್ ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲಿ ತೇಲಿ ಸರಿಯುವುದೂ ಇದೇ ತತ್ತ್ವದಿಂದ.

ಇನ್ನು ಒಂದು ಸ್ವಾರಸ್ಯ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಅದೇ ಉಷ್ಣತೆಯಲ್ಲಿ ಕಲ್ಕತ್ತೆಯದಕ್ಕಿಂತ ಸುಮಾರು ಶೇಕಡ 9ರಷ್ಟು ಕಡಮೆ. ಚೆಂಡನ್ನು ಬಾಗಿಸುವ ಬಲ ಸಾಂದ್ರತೆಗೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ 20 ಮೀಟರ್ ಸಾಗುವ ಚೆಂಡು ಕಲ್ಕತ್ತೆಯಲ್ಲಿ ಸುಮಾರು 2.1 ಮೀಟರ್ ಬಾಗುವುದಾದರೆ ಬೆಂಗಳೂರಿನಲ್ಲಿ 1.9 ಮೀಟರ್ ಬಾಗುತ್ತದೆ. ವ್ಯತ್ಯಾಸ ಹೆಚ್ಚು ಕಡಮೆ ಒಂದು ಚೆಂಡಿನ ವ್ಯಾಸದಷ್ಟು. ಗೋಲುಕಂಬಕ್ಕೆ ಬಡಿಯುವುದಕ್ಕೂ ಒಳಗೆ ಹೋಗುವುದಕ್ಕೂ ಅಷ್ಟು ಸಾಕು. ಹಲಸೂರಿನಿಂದ ಕಲ್ಕತ್ತೆಗೆ ಹೋದ ಆಟಗಾರ ತನ್ನ ಗುರಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

ಈ ವಿಷಯದಲ್ಲಿ ಬೇಸ್‌ಬಾಲಿನ ಅನುಭವ ಇನ್ನೂ ಸ್ಪಷ್ಟ. ಅಮೆರಿಕದ ಡೆನ್ವರ್ ನಗರ ಸುಮಾರು 1600 ಮೀಟರ್ ಎತ್ತರದಲ್ಲಿದೆ. 1995ರಲ್ಲಿ ಅಲ್ಲಿ ಕೂರ್ಸ್ ಫೀಲ್ಡ್ ಮೈದಾನ ತೆರೆದಾಗ ಹೊಡೆದ ಚೆಂಡುಗಳು ತೆಳುಗಾಳಿಯಲ್ಲಿ ಬಹಳ ದೂರ ಹೋಗತೊಡಗಿದವು. ಅಲ್ಲಿನ ಒಣಹವೆಯಲ್ಲಿ ಚರ್ಮ ಮತ್ತು ಉಣ್ಣೆಯ ಚೆಂಡು ಒಣಗಿ ಹೆಚ್ಚು ಪುಟಿಯುತ್ತಿದ್ದುದೂ ಒಂದು ಕಾರಣ. 2002ರಿಂದ ಚೆಂಡುಗಳನ್ನು ತೇವಾಂಶ ನಿಯಂತ್ರಿಸಿದ ಕೋಣೆಯಲ್ಲಿ ಇಡಲಾಯಿತು. ಸ್ವಲ್ಪ ತೇವ ಹೀರಿದ ಚೆಂಡು ಕಡಮೆ ಪುಟಿಯಿತು, ಹೊಡೆತಗಳ ದೂರ ಇಳಿಯಿತು. ನೀರು ಕುಡಿದ ಚರ್ಮದ ಗುಣ ಲಂಡನ್ನಿನಲ್ಲೂ ಡೆನ್ವರಿನಲ್ಲೂ ಒಂದೇ.

ಚೆಂಡನ್ನು ತಲೆಯಿಂದ ಹೊಡೆಯುವಾಗ

ಇದುವರೆಗಿನ ಲೆಕ್ಕ ಪಾದದ್ದು. ಅದೇ ಸಂವೇಗ ತಲೆಗೆ ತಾಗಿದರೆ? ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. ಇಂಗ್ಲೆಂಡಿನ ಆಟಗಾರ ಜೆಫ್ ಆಸ್ಲ್ 2002ರಲ್ಲಿ 59ರ ಹರೆಯದಲ್ಲಿ ಮಿದುಳಿನ ಕಾಯಿಲೆಯಿಂದ ತೀರಿಕೊಂಡರು. ಚೆಂಡನ್ನು ಪದೇಪದೇ ತಲೆಯಿಂದ ಹೊಡೆದದ್ದೇ ಕಾರಣ, ಇದು ವೃತ್ತಿಯಿಂದ ಬಂದ ಕಾಯಿಲೆ ಎಂದು ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಪರಿಶೀಲಿಸಿದರು. ನರಗಳು ಕ್ಷಯಿಸುವ ಕಾಯಿಲೆಗಳಿಂದ ಅವರು ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಕಂಡಿತು. ಮರುವರ್ಷ ಬ್ರಿಟನ್ನಿನ ಫುಟ್‌ಬಾಲ್ ಸಂಸ್ಥೆಗಳು ಚಿಕ್ಕ ಮಕ್ಕಳ ತರಬೇತಿಯಲ್ಲಿ ತಲೆಯಿಂದ ಹೊಡೆಯುವುದನ್ನು ಕೈಬಿಡುವಂತೆ ಸೂಚಿಸಿದವು.

ಹಳೆಯ ಚರ್ಮದ ಚೆಂಡು ಭಾರವಾಗಿತ್ತು, ಇಂದಿನದು ಹಗುರ, ಆದ್ದರಿಂದ ಅಪಾಯವಿಲ್ಲ ಎನ್ನುವವರಿದ್ದಾರೆ. ಮೇಲಿನ ಲೆಕ್ಕವನ್ನೇ ನೆನೆಯಿರಿ. ಹೊಡೆತವನ್ನು ನಿರ್ಧರಿಸುವುದು ರಾಶಿ ಮಾತ್ರವಲ್ಲ, ರಾಶಿ ಮತ್ತು ವೇಗಗಳ ಗುಣಲಬ್ಧ. ಇಂದಿನ ಚೆಂಡು ಆಟದುದ್ದಕ್ಕೂ ವೇಗ ಉಳಿಸಿಕೊಳ್ಳುತ್ತದೆ. ಮಕ್ಕಳ ಕತ್ತಿನ ಸ್ನಾಯುಗಳು ಎಳೆಯವು. ನಿಮ್ಮ ಶಾಲೆಯಲ್ಲಿ ಹನ್ನೊಂದು ಹನ್ನೆರಡು ವರ್ಷದೊಳಗಿನವರು ಆಡುವುದಾದರೆ ಚೆಂಡು ಚಿಕ್ಕದಿರಲಿ, ತಲೆಯಿಂದ ಹೊಡೆಯುವ ಅಭ್ಯಾಸ ಬೇಡ.

ಮಾಡಿ ನೋಡಿ

1. ಪುಟಿತದ ಗುಣಾಂಕ: ಗಟ್ಟಿ ನೆಲದ ಮೇಲೆ 2 ಮೀಟರ್ ಎತ್ತರದಿಂದ ಫುಟ್‌ಬಾಲನ್ನು ಕೈಬಿಡಿ. ಎಷ್ಟು ಎತ್ತರ ಪುಟಿಯಿತೆಂದು ಗೋಡೆಯ ಮೇಲೆ ಗುರುತಿಸಿ. ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಸ್ವಲ್ಪ ಗಾಳಿ ಬಿಟ್ಟು ಮತ್ತೆ ಅಳೆಯಿರಿ. ಹಳೆಯ ಚರ್ಮದ ಚೆಂಡು ಸಿಕ್ಕರೆ ನೀರಿನಲ್ಲಿ ನೆನೆಸುವ ಮೊದಲೂ ಆಮೇಲೂ ಅಳೆಯಿರಿ, ತೂಕವನ್ನೂ ನೋಡಿ.

2. ಘರ್ಷಣಾಂಕ: ಒಂದು ಬೂಟಿನೊಳಗೆ ಮರಳಿನ ಚೀಲ ಇಟ್ಟು ತೂಗಿ. ಸ್ಪ್ರಿಂಗ್ ತಕ್ಕಡಿಯಿಂದ ನೆಲಕ್ಕೆ ಸಮಾಂತರವಾಗಿ ಎಳೆಯಿರಿ. ಜಾರಲು ಆರಂಭಿಸಿದಾಗಿನ ಬಲವನ್ನು ತೂಕದಿಂದ ಭಾಗಿಸಿ. ಸಿಮೆಂಟು, ಒಣಮಣ್ಣು, ಒಣಹುಲ್ಲು, ಒದ್ದೆ ಹುಲ್ಲುಗಳಲ್ಲಿ ಬರುವ ಉತ್ತರಗಳನ್ನು ಪಟ್ಟಿ ಮಾಡಿ.

3. ಮ್ಯಾಗ್ನಸ್ ಪರಿಣಾಮ: ತೆಳು ಕಾಗದವನ್ನು ಸುತ್ತಿ ಹಗುರವಾದ ಕೊಳವೆ ಮಾಡಿ. ಮೇಜಿನ ಮೇಲೆ ಒಂದು ಹಲಗೆಯನ್ನು ಓರೆಯಾಗಿಟ್ಟು ಕೊಳವೆಯನ್ನು ಉರುಳಲು ಬಿಡಿ. ಮೇಜಿನ ಅಂಚು ದಾಟಿದ ಮೇಲೆ ಅದು ಮುಂದಕ್ಕೆ ಬೀಳುವ ಬದಲು ಹಿಂದಕ್ಕೆ, ಮೇಜಿನ ಕೆಳಭಾಗದತ್ತ ಬಾಗುತ್ತದೆ. ಏಕೆಂದು ಯೋಚಿಸಿ.

4. ಒಂದು ಲೆಕ್ಕ: ಕಲ್ಕತ್ತೆಯಲ್ಲಿ ಹೊರಗಿನ ಒತ್ತಡಕ್ಕಿಂತ 0.8 ವಾಯುಭಾರ ಹೆಚ್ಚಾಗಿ ಗಾಳಿ ತುಂಬಿದ ಚೆಂಡನ್ನು ಅದೇ ಉಷ್ಣತೆಯಲ್ಲಿರುವ ಬೆಂಗಳೂರಿಗೆ ತಂದರೆ ಒತ್ತಡಮಾಪಕ ಎಷ್ಟು ತೋರಿಸುತ್ತದೆ? ಒಳಗಿನ ಒತ್ತಡ 1.8. ಇಲ್ಲಿ ಹೊರಗಿನದು ಸುಮಾರು 0.9. ಆದ್ದರಿಂದ ಮಾಪಕ ಸುಮಾರು 0.9 ತೋರಿಸುತ್ತದೆ. ಚೆಂಡು ತಾನಾಗಿಯೇ ತುಸು ಬಿಗಿಯಾಗುತ್ತದೆ.

ಮೈದಾನವೇ ಪ್ರಯೋಗಶಾಲೆ

ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಅದು ಮತ್ತೆ ನಮ್ಮ ರಾಜ್ಯಕ್ಕೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಈ ನಡುವೆ 2013ರಲ್ಲಿ ಹುಟ್ಟಿದ ವೃತ್ತಿಪರ ತಂಡ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಈಗಿನ ಆಟಗಾರರಿಗೆ ಹಗುರವಾದ ಬೂಟು, ನೀರು ಹೀರದ ಚೆಂಡು, ಸಮತಟ್ಟಾದ ಹುಲ್ಲು ಎಲ್ಲವೂ ಇವೆ.

ಆದರೆ ಪಾದದಿಂದ ಚೆಂಡನ್ನು ಅರಿಯುವ ವಿದ್ಯೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಚಿಕ್ಕಂದಿನಲ್ಲಿ ಬಯಲಿನ ಮೇಲೆ ಕಳೆದ ಗಂಟೆಗಳು ಬೇಕು. ಗಾಜುಚೂರು, ಮೊಳೆಗಳಿಲ್ಲದ ಶುಚಿಯಾದ ಬಯಲಾದರೆ ಬರಿಗಾಲಿನಲ್ಲಿ ಚೆಂಡು ಉರುಳಿಸುವುದರಿಂದ ಮಕ್ಕಳಿಗೆ ನಷ್ಟವೇನೂ ಇಲ್ಲ. ಬಯಲೇ ಇಲ್ಲದಿದ್ದರೆ ನಷ್ಟವಿದೆ, ಆಟಕ್ಕೂ ಪಾಠಕ್ಕೂ. ನಿಮ್ಮ ಶಾಲೆಗೆ ಒಂದು ಬಯಲಿದ್ದರೆ ಮುಂದಿನ ವಾರದ ಭೌತವಿಜ್ಞಾನದ ಒಂದು ಪೀರಿಯಡ್ಡನ್ನು ಅಲ್ಲಿಗೆ ಒಯ್ಯಿರಿ. ಒಂದು ಚೆಂಡು, ಒಂದು ಅಳತೆಪಟ್ಟಿ, ಒಂದು ಸ್ಪ್ರಿಂಗ್ ತಕ್ಕಡಿ ಸಾಕು.